ರೀವೈಂಡ್ ಮಾಡಿದ ಮೋಟಾರಿಗೆ ಯಾವ ವಾರ್ನಿಷ್, ಯಾವ ವಿಧಾನ

ಸುಟ್ಟ ಮೋಟಾರನ್ನು, ಹೊಸ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿಗೆ ಒಪ್ಪಿಸುವಾಗ ಹೆಚ್ಚಿನವರು ಕೇಳುವುದು ತಂತಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ಕೂಲಿ ಎಷ್ಟು, ಯಾವಾಗ ಸಿಗುತ್ತದೆ ಎಂಬಷ್ಟನ್ನೇ. ಕಾಯಿಲುಗಳನ್ನು ಮೋಟಾರಿನ ಕಬ್ಬಿಣದ ಕೋರಿನಲ್ಲಿರುವ ಸೀಳು, ಅಂದರೆ ಸ್ಲಾಟಿಗೆ ಕೂರಿಸಿ, ಬೆಣೆ ಹೊಡೆದು, ಕನೆಕ್ಷನ್ ಕೊಟ್ಟು, ಹೊರಚಾಚಿದ ಭಾಗವನ್ನು ದಾರದಿಂದ ಬಿಗಿದ ಮೇಲೆ ಹಾಕುವ ವಾರ್ನಿಷ್ ಯಾವುದು, ಅದನ್ನು ಹಾಕುವುದು ಹೇಗೆ, ಒಣಗಿಸುವುದು ಹೇಗೆ ಎಂದು ಕೇಳುವವರು ಕಡಿಮೆ. ಕೆಲಸ ಮುಗಿದ ಮೇಲೆ ಹೊಳಪಿಗಾಗಿ ಬಳಿಯುವ ಅಲಂಕಾರವೆಂಬಂತೆ ಅದನ್ನು ನೋಡುವ ರೂಢಿಯಿದೆ. ಆದರೆ ಒಂದೇ ಗೇಜಿನ ತಂತಿ, ಒಂದೇ ಸುತ್ತಿನ ಲೆಕ್ಕವಿರುವ ಎರಡು ಮೋಟಾರುಗಳಲ್ಲಿ ಒಂದು ವರ್ಷಗಟ್ಟಲೆ ಓಡಿ, ಇನ್ನೊಂದು ಮುಂದಿನ ಬೇಸಿಗೆಗೇ ಮತ್ತೆ ಅಂಗಡಿಗೆ ಬಂದರೆ, ಅದರ ಹಿಂದೆ ಎಷ್ಟೋ ಸಲ ಈ ಹಂತದ ವ್ಯತ್ಯಾಸವೇ ಇರುತ್ತದೆ.

ಇಲ್ಲಿನ ಹೋಲಿಕೆ ಮುಖ್ಯವಾಗಿ 415 ವೋಲ್ಟಿನ, ಸುಮಾರು 20 ಎಚ್‌ಪಿವರೆಗಿನ ತ್ರೀ-ಫೇಸ್ ಇಂಡಕ್ಷನ್ ಮೋಟಾರುಗಳಿಗೆ ಸಂಬಂಧಿಸಿದ್ದು. ಅಂದರೆ ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಲೇತ್ ಮತ್ತು ತೆರೆದ ಬಾವಿಯ ಪಂಪ್‌ಸೆಟ್ಟುಗಳಲ್ಲಿ ನಾವು ದಿನವೂ ಕಾಣುವ ಮೋಟಾರುಗಳು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ ಯಾವ ದರ್ಜೆ ಬರೆದಿದೆ ಎಂಬುದಕ್ಕಿಂತ, ವಾರ್ನಿಷ್ ಸ್ಲಾಟಿನ ಒಳಕ್ಕೆ ಎಷ್ಟು ಇಳಿಯಿತು ಮತ್ತು ಅಲ್ಲಿ ಪೂರ್ತಿಯಾಗಿ ಗಟ್ಟಿಯಾಯಿತೇ ಎಂಬುದೇ ಆಯ್ಕೆಯ ಮೊದಲ ಅಳತೆಗೋಲು.

ವಾರ್ನಿಷ್ ಮಾಡುವ ಕೆಲಸ

ತಂತಿ ತಂತಿಗಳ ನಡುವಿನ ಮುಖ್ಯ ನಿರೋಧಕವೆಂದರೆ ತಂತಿಯ ಮೇಲೆ ಮೊದಲೇ ಬಂದಿರುವ ತೆಳು ಲೇಪನವಾದ ಎನಾಮಲ್. ತಂತಿಗೂ ಕಬ್ಬಿಣದ ಕೋರಿಗೂ ನಡುವೆ ಇರುವುದು ಸ್ಲಾಟಿನ ಪೇಪರ್. ವಾರ್ನಿಷ್ ಇವೆರಡಕ್ಕೂ ಬದಲಿಯಲ್ಲ. ಎನಾಮಲ್ ಕೆರೆದುಹೋದ ತಂತಿಯನ್ನು ವಾರ್ನಿಷ್ ಕಾಪಾಡುತ್ತದೆ ಎಂದು ನಂಬಿ ಸುತ್ತುವವರ ಕೆಲಸ ಬಾಳುವುದಿಲ್ಲ. ವಾರ್ನಿಷಿನ ಮೊದಲ ಕೆಲಸ ಬಿಗಿಯುವುದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಕಾಯಿಲಿನ ಮೇಲಿನ ಬಲ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೋಟಾರನ್ನು ನೇರವಾಗಿ ಸ್ಟಾರ್ಟ್ ಮಾಡಿದಾಗ ಕರೆಂಟು ಸಾಮಾನ್ಯದ ಆರೇಳು ಪಟ್ಟು ಏರುತ್ತದೆ. ಬಲವು ಕರೆಂಟಿನ ವರ್ಗದಂತೆ ಏರುವುದರಿಂದ ಆ ಕೆಲವು ಕ್ಷಣ ಅದು 36ರಿಂದ 49 ಪಟ್ಟು ಆಗಿರುತ್ತದೆ. ಸ್ಲಾಟಿನಿಂದ ಹೊರಗಿರುವ ಕಾಯಿಲಿನ ತುದಿಗಳಿಗೆ ಕಬ್ಬಿಣದ ಆಸರೆಯಿಲ್ಲ. ಸಡಿಲವಾಗಿ ಬಿಟ್ಟ ತಂತಿಗಳು ಪ್ರತಿ ಸ್ಟಾರ್ಟಿಗೂ ಒಂದಕ್ಕೊಂದು ಉಜ್ಜಿಕೊಂಡು ಎನಾಮಲ್ಲನ್ನು ಸವೆಸುತ್ತವೆ. ಕರೆಂಟು ಹೋಗಿ ಬಂದಾಗಲೆಲ್ಲ ಆಟೋ-ಸ್ಟಾರ್ಟರಿನಿಂದ ತಾನಾಗಿ ಚಾಲೂ ಆಗುವ ಪಂಪ್‌ಸೆಟ್ಟುಗಳಲ್ಲಿ ಈ ಸವೆತ ಇನ್ನಷ್ಟು ಬೇಗ ಆಗುತ್ತದೆ.

ಎರಡನೆಯದು ಬಿಸಿಯನ್ನು ಹೊರಗೆ ದಾಟಿಸುವುದು. ತಂತಿಗಳ ನಡುವಿನ ಗಾಳಿಗಿಂತ ಗಟ್ಟಿಯಾದ ವಾರ್ನಿಷ್ ಏಳೆಂಟು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಸ್ಲಾಟು ತುಂಬಿದ್ದರೆ ತಾಮ್ರದ ಬಿಸಿ ಕೋರಿಗೂ ಅಲ್ಲಿಂದ ಬಾಡಿಗೂ ಬೇಗ ಹೋಗುತ್ತದೆ. ಟೊಳ್ಳಿದ್ದರೆ ಅದೇ ಲೋಡಿಗೆ ವೈಂಡಿಂಗ್ ಹೆಚ್ಚು ಕಾಯುತ್ತದೆ. ತೇವ, ಹಿಟ್ಟಿನ ಪುಡಿ, ತೌಡು, ಎಣ್ಣೆ ಒಳಹೋಗದಂತೆ ತಡೆಯುವುದು ಮೂರನೆಯ ಕೆಲಸ.

ದರ್ಜೆಯ ಅಕ್ಷರಗಳು

ನಿರೋಧಕ ವಸ್ತುಗಳನ್ನು ತಾಳುವ ಉಷ್ಣಾಂಶದ ಮೇಲೆ ವಿಂಗಡಿಸಿದ್ದಾರೆ: ಎ 105, ಇ 120, ಬಿ 130, ಎಫ್ 155, ಎಚ್ 180 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ 40 ಡಿಗ್ರಿ ಎಂದು ಹಿಡಿದು, ವೈಂಡಿಂಗಿನ ಸರಾಸರಿ ಏರಿಕೆ ಬಿ ದರ್ಜೆಯಲ್ಲಿ 80, ಎಫ್‌ನಲ್ಲಿ 105 ಡಿಗ್ರಿ ಇರಬಹುದು; ಉಳಿದದ್ದು ಅತಿ ಬಿಸಿಯಾದ ಜಾಗಕ್ಕೆ ಮೀಸಲು. ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ನಿರೋಧಕದ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಹಳೆಯ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಇಡೀ ವೈಂಡಿಂಗಿನ ದರ್ಜೆಯನ್ನು ಅದರಲ್ಲಿರುವ ಅತಿ ದುರ್ಬಲ ವಸ್ತುವೇ ನಿರ್ಧರಿಸುತ್ತದೆ ಎಂಬುದು. ಎಚ್ ದರ್ಜೆಯ ವಾರ್ನಿಷ್ ಹಾಕಿ, ಒಳಗೆ ಕಡಿಮೆ ಬಿಸಿ ತಾಳುವ ಲೆದರಾಯ್ಡ್ ಪೇಪರ್ ಮತ್ತು ಹತ್ತಿಯ ಟೇಪು ಬಳಸಿದ್ದರೆ ಅದು ಎಚ್ ದರ್ಜೆಯ ಮೋಟಾರಾಗುವುದಿಲ್ಲ. ಎನ್‌ಜಿಇಎಫ್‌ನಂಥ ಹಳೆಯ ಕಂಪನಿಗಳ ಮೋಟಾರುಗಳನ್ನು ರೀವೈಂಡ್ ಮಾಡುವಾಗ ಎಫ್ ದರ್ಜೆಯ ತಂತಿ, ಪಾಲಿಯೆಸ್ಟರ್ ಫಿಲ್ಮ್ ಸೇರಿದ ಸ್ಲಾಟ್ ಪೇಪರ್, ಗ್ಲಾಸ್ ಸ್ಲೀವ್ ಮತ್ತು ಎಫ್ ದರ್ಜೆಯ ವಾರ್ನಿಷನ್ನು ಒಟ್ಟಿಗೇ ಬಳಸಿ, ಲೋಡನ್ನು ನಾಮಫಲಕದಲ್ಲಿರುವಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ದರ್ಜೆ ಏರಿಸಿದ ಲಾಭವನ್ನು ಆಯಸ್ಸಿನ ರೂಪದಲ್ಲಿ ಪಡೆಯಬೇಕೇ ಹೊರತು ಹೆಚ್ಚು ಲೋಡು ಎಳೆಸುವುದಕ್ಕಲ್ಲ.

ಗಾಳಿಯಲ್ಲಿ ಒಣಗುವುದೋ, ಬೇಯಿಸುವುದೋ

ಸಣ್ಣ ಅಂಗಡಿಗಳಲ್ಲಿ ನಿಜವಾಗಿ ನಡೆಯುವ ಆಯ್ಕೆ ಈ ಎರಡರ ನಡುವೆ. ಗಾಳಿಯಲ್ಲಿ ಒಣಗುವ ವಾರ್ನಿಷ್ ಅಗ್ಗ, ಓವನ್ ಬೇಡ, ಬೆಳಗ್ಗೆ ಹಚ್ಚಿದರೆ ಸಂಜೆಗೆ ಮುಟ್ಟಲು ಬರುತ್ತದೆ. ಇಂಥವುಗಳಲ್ಲಿ ಬಹಳಷ್ಟು ಎಣ್ಣೆ ಸೇರಿದ ಆಲ್ಕಿಡ್ ಜಾತಿಯವು, ಮತ್ತು ಅವು ಗಟ್ಟಿಯಾಗುವುದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು. ತೆಳುವಾದ ಪದರಕ್ಕೆ ಇದು ಸರಿ. ಆದರೆ ಸ್ಲಾಟಿನ ಒಳಗೆ, ಬೆಣೆಯ ಕೆಳಗೆ, ನೂರಾರು ತಂತಿಗಳ ನಡುವೆ ಗಾಳಿ ಎಲ್ಲಿಂದ ಬರಬೇಕು? ಹೊರಗಿನ ಪದರ ಮೊದಲು ಗಟ್ಟಿಯಾಗಿ ಮುಚ್ಚಿಕೊಂಡರೆ ಒಳಗಿನ ಥಿನ್ನರ್ ಆರುವ ದಾರಿಯೂ ಕಟ್ಟಿಹೋಗುತ್ತದೆ. ಹೀಗೆ ಮಾಡಿದ ಮೋಟಾರು ಮತ್ತೆ ಸುಟ್ಟು ಬಂದಾಗ ಕಾಯಿಲನ್ನು ಕತ್ತರಿಸಿ ಹೊರಗೆಳೆದರೆ, ತುದಿಯ ತಂತಿಗಳು ಗಾಜಿನಂತೆ ಹೊಳೆಯುತ್ತಿದ್ದು, ಸ್ಲಾಟಿನ ನಡುವಿನಿಂದ ಬಂದ ತಂತಿಗಳು ಇನ್ನೂ ಬೆರಳಿಗೆ ಅಂಟುವುದನ್ನು, ಥಿನ್ನರಿನ ವಾಸನೆ ಉಳಿದಿರುವುದನ್ನು ಕಾಣಬಹುದು. ಬಿಗಿಯುವ, ಬಿಸಿ ದಾಟಿಸುವ ಎರಡೂ ಕೆಲಸ ಅಲ್ಲಿ ಆಗಿಯೇ ಇಲ್ಲ.

ಬೇಯಿಸುವ ವಾರ್ನಿಷ್ ಬಿಸಿಯಿಂದಲೇ ಒಳಗೂ ಹೊರಗೂ ಗಟ್ಟಿಯಾಗುತ್ತದೆ. ಫಿನಾಲಿಕ್ ಬೆರೆಸಿದ ಆಲ್ಕಿಡ್, ಪಾಲಿಯೆಸ್ಟರ್, ಎಪಾಕ್ಸಿ ಬೆರೆಸಿದವು ಈ ಗುಂಪಿನವು. ಬಹುಪಾಲು 120ರಿಂದ 150 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಬೇಕು. ನಿಖರವಾದ ಹೊತ್ತು ತಯಾರಕರ ಹಾಳೆಯಲ್ಲಿರುತ್ತದೆ. ಆ ಹೊತ್ತನ್ನು ಎಣಿಸಬೇಕಾದ್ದು ಓವನ್ ಚಾಲೂ ಮಾಡಿದಾಗಿನಿಂದಲ್ಲ, ಸ್ಟೇಟರಿನ (ವೈಂಡಿಂಗ್ ಕೂರುವ, ತಿರುಗದ ಭಾಗದ) ಕಬ್ಬಿಣ ಆ ಬಿಸಿಗೆ ಬಂದಾಗಿನಿಂದ. ಹತ್ತು ಎಚ್‌ಪಿ ಮೋಟಾರಿನ ಕಬ್ಬಿಣ ಬಿಸಿಯೇರಲು ಸಾಕಷ್ಟು ಹೊತ್ತು ಬೇಕು ಎಂಬುದನ್ನು ಅವಸರದಲ್ಲಿ ಮರೆಯುತ್ತೇವೆ.

ಹಾಗಾಗಿ ಚೆನ್ನಾಗಿ ಬೆಂದ ಬಿ ದರ್ಜೆಯ ಸಾಧಾರಣ ವಾರ್ನಿಷನ್ನು, ಅರೆಬರೆ ಒಣಗಿದ ಎಚ್ ದರ್ಜೆಯದಕ್ಕಿಂತ ನಾನು ಮೇಲೆಂದು ಹೇಳುತ್ತೇನೆ. ಗಾಳಿಯಲ್ಲಿ ಒಣಗುವುದಕ್ಕೂ ಅದರ ಜಾಗವಿದೆ. ಬೇಯಿಸಿದ ವೈಂಡಿಂಗಿನ ತುದಿಗಳ ಮೇಲೆ ಕೊನೆಯ ಪದರವಾಗಿ ಹಚ್ಚುವ ಕೆಂಪು ಇನ್ಸುಲೇಟಿಂಗ್ ಎನಾಮಲ್ ಇದೇ ಬಗೆಯದು. ತೇವ ಮತ್ತು ಧೂಳಿನಿಂದ ಮೇಲ್ಮೈಯನ್ನು ಅದು ಚೆನ್ನಾಗಿ ಕಾಯುತ್ತದೆ. ಆದರೆ ಕೆಂಪು ಬಣ್ಣ ಕಂಡಿತೆಂದು ಒಳಗಿನ ಕೆಲಸವೂ ಆಗಿದೆ ಎಂದು ತಿಳಿಯಬಾರದು.

ಥಿನ್ನರ್ ಇರುವುದು, ಇಲ್ಲದಿರುವುದು

ಥಿನ್ನರ್ ಸೇರಿದ ವಾರ್ನಿಷಿನಲ್ಲಿ ಸರಿಸುಮಾರು ಅರ್ಧದಷ್ಟು ಆರಿಹೋಗುವ ದ್ರವ. ಸ್ಲಾಟು ತುಂಬಿದಂತೆ ಕಂಡದ್ದು ಬೆಂದ ಮೇಲೆ ಅರ್ಧ ಖಾಲಿಯಾಗಿರುತ್ತದೆ. ಅದಕ್ಕೇ ಎರಡು ಸಲ ಅದ್ದಿ ಎರಡು ಸಲ ಬೇಯಿಸುವ ಪದ್ಧತಿ. ಒಂದೇ ಸಲಕ್ಕೆ ದಪ್ಪವಾಗಿ ಹಾಕಿ ಮುಗಿಸಲು ಹೋದರೆ ಗುಳ್ಳೆ ಏಳುತ್ತದೆ, ಪದರ ಸುಕ್ಕಾಗುತ್ತದೆ. ಇದರ ಅನುಕೂಲವೆಂದರೆ ತೆಳುವಾಗಿದ್ದು ಒಳಕ್ಕೆ ಸುಲಭವಾಗಿ ಇಳಿಯುತ್ತದೆ, ತೊಟ್ಟಿಯಲ್ಲಿ ಬಹಳ ಕಾಲ ಇಟ್ಟುಕೊಳ್ಳಬಹುದು, ಹದ ತಪ್ಪಿದರೆ ಸರಿಪಡಿಸಬಹುದು. ಹದ ನೋಡಲು ಬಿ-4 ಫೋರ್ಡ್ ಕಪ್ ಸಾಕು. ಕಪ್ಪಿನ ತೂತಿನಿಂದ ವಾರ್ನಿಷ್ ಇಳಿದು ಮುಗಿಯಲು ಹಿಡಿಯುವ ಸೆಕೆಂಡುಗಳನ್ನು ತಯಾರಕರು ಹೇಳಿದ ಅಂಕಿಯೊಂದಿಗೆ ಹೋಲಿಸುವುದು. ಕಣ್ಣಳತೆಯಲ್ಲಿ ಥಿನ್ನರ್ ಸುರಿಯುವ ಅಂಗಡಿಯಲ್ಲಿ ಪ್ರತಿ ಮೋಟಾರಿನ ಪದರವೂ ಬೇರೆ ಬೇರೆ ದಪ್ಪದ್ದಾಗಿರುತ್ತದೆ.

ಥಿನ್ನರ್ ಇಲ್ಲದ ರೆಸಿನ್, ಅಂದರೆ ಪಾಲಿಯೆಸ್ಟರ್ ಅಥವಾ ಎಪಾಕ್ಸಿ, ಹಾಕಿದ್ದರಲ್ಲಿ ಬಹುತೇಕ ಎಲ್ಲವೂ ಒಳಗೇ ಉಳಿಯುತ್ತದೆ. ಸ್ಲಾಟು ಗಟ್ಟಿಯಾಗಿ ತುಂಬುತ್ತದೆ, ಬಿಗಿತ ಹೆಚ್ಚು, ಬಿಸಿ ಚೆನ್ನಾಗಿ ದಾಟುತ್ತದೆ. ಬೆಲೆ ಹೆಚ್ಚು, ಎರಡು ಭಾಗ ಬೆರೆಸುವ ಎಪಾಕ್ಸಿಯಾದರೆ ಬೆರೆಸಿದ ಮೇಲೆ ಕೆಲಸಕ್ಕೆ ಸಿಗುವ ಹೊತ್ತು ಕಡಿಮೆ, ತೊಟ್ಟಿಯಲ್ಲಿ ಇಡುವ ಬಗೆಯದನ್ನು ತಂಪಾಗಿ ಇಡಬೇಕು. ದಿನಕ್ಕೆ ಒಂದೆರಡು ಮೋಟಾರು ಬರುವ ಅಂಗಡಿಗೆ ರೆಸಿನ್ ತೊಟ್ಟಿ ಸಾಕುವುದು ಭಾರವೇ. ಇಂಥ ವೈಂಡಿಂಗ್ ಮುಂದೆ ಸುಟ್ಟರೆ ಬಿಚ್ಚುವುದೂ ಕಷ್ಟ.

ನೀರಿನಲ್ಲಿ ಕರಗುವ ವಾರ್ನಿಷ್‌ಗಳೂ ಇವೆ. ಬೆಂಕಿಯ ಭಯ ಕಡಿಮೆ, ಆದರೆ ನೀರನ್ನು ಪೂರ್ತಿ ಓಡಿಸಲು ಒಳ್ಳೆಯ ಓವನ್ ಬೇಕೇ ಬೇಕು. ಸಿಲಿಕೋನ್ ವಾರ್ನಿಷ್ 180 ಡಿಗ್ರಿ ತಾಳುತ್ತದೆ, ಹೆಚ್ಚಿನ ಬಿಸಿಯಲ್ಲಿ ಬೇಯಿಸಬೇಕು, ಬಿಗಿತ ಕಡಿಮೆ. ಕುಲುಮೆಯ ಪಕ್ಕದ ಫ್ಯಾನಿನಂಥ ಕಡೆ ಬಿಟ್ಟರೆ ನಮ್ಮ ಸಾಮಾನ್ಯ ಮೋಟಾರಿಗೆ ಅದು ಬೇಡ. ಕಾರ್ಬನ್ ಬ್ರಷ್ ಇರುವ ಮುಚ್ಚಿದ ಮೋಟಾರುಗಳಿಗಂತೂ ಸಿಲಿಕೋನ್ ಬಳಸಲೇಬಾರದು, ಅದರ ಆವಿಯಿಂದ ಬ್ರಷ್ ಬಹಳ ಬೇಗ ಸವೆಯುತ್ತದೆ.

ಯಾವುದನ್ನೇ ಆರಿಸಿದರೂ ತಂತಿಯ ಎನಾಮಲ್ಲಿಗೆ ಅದು ಹೊಂದುತ್ತದೆಯೇ ಎಂದು ನೋಡಬೇಕು. ಕೆಲವು ಥಿನ್ನರುಗಳು ಕೆಲವು ಎನಾಮಲ್ಲುಗಳನ್ನು ಮೆದು ಮಾಡುತ್ತವೆ. ಅದೇ ತಂತಿಯ ಒಂದು ತುಂಡನ್ನು ವಾರ್ನಿಷಿನಲ್ಲಿ ಅದ್ದಿಟ್ಟು, ಬಿಸಿ ಮಾಡಿ, ಉಗುರಿನಿಂದ ಕೆರೆದು, ಬೆರಳಿಗೆ ಸುತ್ತಿ ನೋಡಿದರೆ ಎನಾಮಲ್ ಬಿರಿಯುತ್ತದೆಯೋ ಸುಲಿಯುತ್ತದೆಯೋ ತಿಳಿಯುತ್ತದೆ. ಹೊಸ ಕಂಪನಿಯ ಡಬ್ಬಿ ತಂದಾಗಲೆಲ್ಲ ಮಾಡಬೇಕಾದ ಕೆಲಸ ಇದು.

ಹಾಕುವ ವಿಧಾನ

ಬ್ರಷ್‌ನಿಂದ ಹಚ್ಚುವುದು ಅಥವಾ ಮೇಲಿನಿಂದ ಸುರಿಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುರ್ಬಲ. ಬ್ರಷ್ ತುದಿಗಳನ್ನು ಮಾತ್ರ ಮುಟ್ಟುತ್ತದೆ. ಸುರಿಯುವುದಾದರೆ ಸ್ಟೇಟರನ್ನು ಬಿಸಿ ಮಾಡಿ, ನೆಟ್ಟಗೆ ನಿಲ್ಲಿಸಿ, ಕೆಳಗಿನ ತುದಿಯಿಂದ ತೊಟ್ಟಿಕ್ಕುವವರೆಗೆ ನಿಧಾನವಾಗಿ ಸುರಿದು, ತಿರುಗಿಸಿ ನಿಲ್ಲಿಸಿ ಮತ್ತೊಮ್ಮೆ ಸುರಿಯಬೇಕು. ತೊಟ್ಟಿಗೆ ಹಿಡಿಸದ ದೊಡ್ಡ ಸ್ಟೇಟರಿಗೆ ಇದು ಒಪ್ಪುವ ದಾರಿ.

ಸಾಮಾನ್ಯ ಅಂಗಡಿಗೆ ನಾನು ಸೂಚಿಸುವುದು ಅದ್ದಿ ಬೇಯಿಸುವ ವಿಧಾನವನ್ನೇ, ಏಕೆಂದರೆ ಒಂದು ತೊಟ್ಟಿ, ಒಂದು ಓವನ್ ಇದ್ದರೆ ನಂಬಬಹುದಾದ ಫಲ ಸಿಗುತ್ತದೆ. ಮೊದಲು ಸ್ಟೇಟರನ್ನು 100ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ತೇವವನ್ನು ಓಡಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಸ್ಲಾಟಿನ ಪೇಪರೂ ದಾರವೂ ಗಾಳಿಯಿಂದಲೇ ನೀರು ಹೀರಿರುತ್ತವೆ. ಆ ತೇವದ ಮೇಲೆ ವಾರ್ನಿಷ್ ಹಾಕಿದರೆ ಅದನ್ನು ಒಳಗೇ ಸೀಲ್ ಮಾಡಿದಂತಾಗುತ್ತದೆ. ಬಳಿಕ 50–60 ಡಿಗ್ರಿಗೆ ಆರಲು ಬಿಡಬೇಕು. ಹೆಚ್ಚು ಬಿಸಿಯಿದ್ದಾಗ ಅದ್ದಿದರೆ ಥಿನ್ನರ್ ಕೂಡಲೇ ಆವಿಯಾಗಿ ತೊಟ್ಟಿಯ ವಾರ್ನಿಷೂ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ; ಪೂರ್ತಿ ತಣ್ಣಗಾದರೆ ವಾರ್ನಿಷ್ ಒಳಕ್ಕೆ ಇಳಿಯಲು ತಡವಾಗುತ್ತದೆ.

ಸ್ಟೇಟರನ್ನು ನೆಟ್ಟಗೆ ಇಟ್ಟು ನಿಧಾನವಾಗಿ ಇಳಿಸಿದಾಗ ವಾರ್ನಿಷ್ ಕೆಳಗಿನಿಂದ ಏರುತ್ತಾ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ತುದಿಯಲ್ಲಿ ಮೊದಲು ದೊಡ್ಡ ಗುಳ್ಳೆಗಳು ಒಟ್ಟೊಟ್ಟಿಗೆ ಬರುತ್ತವೆ, ಆಮೇಲೆ ಒಂದೊಂದು ಸ್ಲಾಟಿನಿಂದ ಸಣ್ಣವು ಸಾಲಾಗಿ ಏಳುತ್ತವೆ, ಕೊನೆಗೆ ಅಲ್ಲೊಂದು ಇಲ್ಲೊಂದು. ಗುಳ್ಳೆ ಪೂರ್ತಿ ನಿಲ್ಲುವವರೆಗೆ ತೆಗೆಯಬಾರದು. ಗಡಿಯಾರಕ್ಕಿಂತ ಗುಳ್ಳೆಯನ್ನು ನಂಬುವುದು ಮೇಲು. ಹೊರತೆಗೆದ ಮೇಲೆ ತೊಟ್ಟಿಕ್ಕುವುದು ನಿಲ್ಲುವವರೆಗೆ ಸೋರಲು ಬಿಟ್ಟು, ಬೇಯಿಸುವ ಮೊದಲು ಸ್ಟೇಟರಿನ ಒಳಮೈಯನ್ನೂ ಕವರ್ ಕೂರುವ ಅಂಚನ್ನೂ ಥಿನ್ನರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬೇಕು. ಸಣ್ಣ ಮೋಟಾರುಗಳಲ್ಲಿ ತಿರುಗುವ ಭಾಗವಾದ ರೋಟರಿಗೂ ಸ್ಟೇಟರಿಗೂ ನಡುವಿನ ಅಂತರ ಅರ್ಧ ಮಿಲಿಮೀಟರಿನ ಆಸುಪಾಸಿನದು. ಗಟ್ಟಿಯಾದ ಮೇಲೆ ಕೆರೆಯಲು ಹೋದರೆ ಬ್ಲೇಡು ಕೋರಿನ ತಗಡುಗಳನ್ನು ಒಂದಕ್ಕೊಂದು ತಾಗುವಂತೆ ಮಾಡುತ್ತದೆ. ಎರಡನೆಯ ಸಲ ಸ್ಟೇಟರನ್ನು ತಲೆಕೆಳಗಾಗಿಸಿ ಅದ್ದಿದರೆ ಪದರ ಎರಡೂ ತುದಿಗೆ ಸಮನಾಗಿ ಬರುತ್ತದೆ.

ಟ್ರಿಕಲ್ ವಿಧಾನದಲ್ಲಿ ಬಿಸಿಯಾದ ಸ್ಟೇಟರನ್ನೋ ಆರ್ಮೇಚರನ್ನೋ (ಬ್ರಷ್ ಇರುವ ಮೋಟಾರಿನ ತಿರುಗುವ ಭಾಗ) ತುಸು ಓರೆಯಾಗಿ ನಿಧಾನಕ್ಕೆ ತಿರುಗಿಸುತ್ತಾ, ತುದಿಯ ಕಾಯಿಲುಗಳ ಮೇಲೆ ಥಿನ್ನರ್ ಇಲ್ಲದ ರೆಸಿನ್ನನ್ನು ಸಣ್ಣ ಧಾರೆಯಾಗಿ ಬಿಡುತ್ತಾರೆ. ತಂತಿಗಳ ನಡುವಿನ ಸಂದು ಅದನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಬಿಸಿಗೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗತೊಡಗುವುದರಿಂದ ಸೋರಿಹೋಗುವುದಿಲ್ಲ. ಮಿಕ್ಸಿ ಮತ್ತು ಡ್ರಿಲ್ ಆರ್ಮೇಚರುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅವು ನಿಮಿಷಕ್ಕೆ ಹತ್ತು ಹದಿನೈದು ಸಾವಿರ ಸುತ್ತು ತಿರುಗುವುದರಿಂದ ಬಿಗಿತವೇ ಅವುಗಳ ಜೀವ.

ವಿಪಿಐ ಎಂದರೆ ಮುಚ್ಚಿದ ತೊಟ್ಟಿಯಲ್ಲಿ ಮೊದಲು ಗಾಳಿಯನ್ನು ಹೊರಗೆಳೆದು, ನಿರ್ವಾತದಲ್ಲೇ ರೆಸಿನ್ ಬಿಟ್ಟು, ನಂತರ ಒತ್ತಡ ಹಾಕಿ ಒಳಕ್ಕೆ ತಳ್ಳುವ ವಿಧಾನ. ಟೇಪು ಸುತ್ತಿದ ಕಾಯಿಲುಗಳ ಹೈಟೆನ್ಷನ್ ಮೋಟಾರುಗಳಿಗೆ ಅದು ಸಹಜ ಆಯ್ಕೆ. ಸಣ್ಣ ಮೋಟಾರಿಗೂ ವಿಪಿಐ ಮಾಡಿಸಿದರೆ ತಾನಾಗಿ ಶ್ರೇಷ್ಠ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಸಡಿಲ ತಂತಿಗಳ ಸ್ಲಾಟಿನಲ್ಲಿ ಹಿಡಿದಿಡುವ ಟೇಪಿಲ್ಲ. ತೆಳುವಾದ ರೆಸಿನ್ ಓವನ್ನಿನಲ್ಲಿ ಬಿಸಿಯಾಗುತ್ತಾ ಇನ್ನೂ ತೆಳುವಾಗಿ, ಗಟ್ಟಿಯಾಗುವ ಮೊದಲೇ ಕೆಳಕ್ಕೆ ಸೋರಬಹುದು. ತುಂಬಿಸಿದ್ದನ್ನು ಉಳಿಸಿಕೊಳ್ಳಲು ಬೇಗ ಗಟ್ಟಿಯಾಗುವ ರೆಸಿನ್ ಬೇಕು, ಇಲ್ಲವೇ ತಿರುಗಿಸುತ್ತಾ ಬೇಯಿಸಬೇಕು.

ಓವನ್ ಇಲ್ಲದಿದ್ದರೆ

ತಾಲ್ಲೂಕು ಊರುಗಳ ಎಷ್ಟೋ ಅಂಗಡಿಗಳಲ್ಲಿ ತಗಡಿನ ಡ್ರಮ್ಮಿನೊಳಗೆ ಸ್ಟೇಟರ್ ನಿಲ್ಲಿಸಿ, ಅದರ ನಡುವೆ 200 ವಾಟಿನ ಬಲ್ಬು ಇಳಿಬಿಟ್ಟು, ಮೇಲೆ ಗೋಣಿಚೀಲ ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ತೇವ ಓಡಿಸುವುದಕ್ಕೆ ಇದು ಸಹಾಯಕವೇ. ಆದರೆ ದೊಡ್ಡ ಸ್ಟೇಟರ್ ಒಂದು ಬಲ್ಬಿನಿಂದ 130 ಡಿಗ್ರಿಗೆ ಏರುವುದಿಲ್ಲ; ಬಲ್ಬಿನ ಹತ್ತಿರದ ಭಾಗ ಕಂದುಬಣ್ಣಕ್ಕೆ ತಿರುಗಿರುತ್ತದೆ, ಹಿಂಭಾಗ ಹಸಿಯಾಗಿರುತ್ತದೆ. ಥಿನ್ನರಿನಲ್ಲಿರುವ ಜೈಲೀನ್ 30 ಡಿಗ್ರಿಯ ಆಸುಪಾಸಿನಲ್ಲೇ ಬೆಂಕಿ ಹಿಡಿಯುವಷ್ಟು ಆವಿಯನ್ನು ಕೊಡುತ್ತದೆ, ಅದು ನಮ್ಮ ಸಾಮಾನ್ಯ ಮಧ್ಯಾಹ್ನದ ಬಿಸಿ. ಹೊಸದಾಗಿ ಅದ್ದಿದ ಸ್ಟೇಟರನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಉರಿಯುವ ಬಲ್ಬಿನ ಜೊತೆ ಮುಚ್ಚಿಡುವುದು ನಿಜಕ್ಕೂ ಅಪಾಯಕರ.

ಓವನ್ ಇಲ್ಲದಿದ್ದಾಗ ಇದಕ್ಕಿಂತ ಮೇಲಾದ ದಾರಿ, ವೈಂಡಿಂಗಿಗೇ ಕಡಿಮೆ ವೋಲ್ಟೇಜಿನ ಕರೆಂಟು ಹಾಯಿಸಿ ಒಳಗಿನಿಂದ ಬಿಸಿ ಮಾಡುವುದು. ರೋಟರನ್ನು ಹೊರತೆಗೆದು, ಮೂರೂ ಫೇಸುಗಳನ್ನು ಸಾಲಾಗಿ ಜೋಡಿಸಿ, ವೆಲ್ಡಿಂಗ್ ಸೆಟ್ಟಿನಂಥ ಡಿಸಿ ಮೂಲದಿಂದ ಪೂರ್ಣ ಲೋಡಿನಲ್ಲಿ ಒಂದು ಫೇಸಿನ ಕಾಯಿಲುಗಳಲ್ಲಿ ಹರಿಯುವ ಕರೆಂಟನ್ನು ಮೀರದಂತೆ ಹಾಯಿಸಬೇಕು. ಎಷ್ಟು ಬಿಸಿಯಾಯಿತೆಂದು ತಾಮ್ರವೇ ಹೇಳುತ್ತದೆ: 30 ಡಿಗ್ರಿಯಲ್ಲಿ 1 ಓಮ್ ಇದ್ದ ವೈಂಡಿಂಗ್ 100 ಡಿಗ್ರಿಯಲ್ಲಿ ಸುಮಾರು 1.26, 130 ಡಿಗ್ರಿಯಲ್ಲಿ ಸುಮಾರು 1.38 ಓಮ್ ತೋರಿಸುತ್ತದೆ. ತಾಮ್ರ ಒಳಗಿನಿಂದ ಕಾಯುವುದರಿಂದ ಥಿನ್ನರ್ ಹೊರಕ್ಕೆ ಹೋಗುತ್ತದೆ, ಮೇಲ್ಪದರ ಮೊದಲೇ ಮುಚ್ಚಿಕೊಳ್ಳುವುದಿಲ್ಲ. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೀಡಿ, ಕಿಡಿ ಯಾವುದೂ ಬೇಡ.

ಕೋರಿನ ಲೇಪನ

ವಾರ್ನಿಷಿನಷ್ಟೇ ಮುಖ್ಯವಾದ ಇನ್ನೊಂದು ನಿರೋಧಕ ಲೇಪನ ಕೋರಿನ ತಗಡುಗಳ ನಡುವೆ ಕಾರ್ಖಾನೆಯಲ್ಲೇ ಬಂದಿರುತ್ತದೆ. ಹಳೆಯ ವೈಂಡಿಂಗ್ ತೆಗೆಯಲು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರೆ, ಅಥವಾ ಸೌದೆಯ ಮೇಲಿಟ್ಟರೆ, ಅದು ಸುಟ್ಟುಹೋಗಿ ಕಬ್ಬಿಣದ ನಷ್ಟ, ಅಂದರೆ ಕೋರಿನಲ್ಲೇ ಬಿಸಿಯಾಗಿ ಪೋಲಾಗುವ ವಿದ್ಯುತ್ತು, ಏರುತ್ತದೆ. ಆ ಮೋಟಾರು ಖಾಲಿ ಓಡಿದರೂ ಬಿಸಿಯಾಗುತ್ತದೆ, ಯಾವ ವಾರ್ನಿಷೂ ಅದನ್ನು ಸರಿಪಡಿಸದು. ಸಾವಯವ ಲೇಪನದ ಕೋರನ್ನು 370 ಡಿಗ್ರಿ ದಾಟಿಸಬಾರದೆಂಬುದು ಮೋಟಾರು ರಿಪೇರಿಯವರ ಅಂತರರಾಷ್ಟ್ರೀಯ ಸಂಘ ಇಎಎಸ್‌ಎ ಹೇಳುವ ಮಿತಿ. ಅದೇ ಸಂಘ ಬ್ರಿಟನ್ನಿನ ಇದೇ ಬಗೆಯ ಸಂಘ ಎಇಎಂಟಿ ಜೊತೆ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಸರಿಯಾದ ಕ್ರಮದಲ್ಲಿ ರೀವೈಂಡ್ ಮಾಡಿದ ಮೋಟಾರಿನ ದಕ್ಷತೆ ಬಹುತೇಕ ಹಾಗೇ ಉಳಿಯುತ್ತದೆ ಎಂದು ತೋರಿಸಿತು.

ಯಾವ ಮೋಟಾರಿಗೆ ಯಾವುದು

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ನೀರು ತುಂಬಿ ಓಡುವ ಬಗೆಯದಾದರೆ ಅದಕ್ಕೆ ವಾರ್ನಿಷಿನ ಮಾತೇ ಇಲ್ಲ. ಅಲ್ಲಿ ಬಳಸುವುದು ಪಿವಿಸಿ ಅಥವಾ ಪ್ಲಾಸ್ಟಿಕ್ ಫಿಲ್ಮ್ ಸುತ್ತಿದ ತಂತಿ, ನೀರು ಆ ತಂತಿಗಳ ನಡುವೆಯೇ ಓಡಾಡಿ ತಂಪು ಮಾಡುತ್ತದೆ. ಎಣ್ಣೆ ತುಂಬಿದ ಬಗೆಯದರಲ್ಲಿ ಎನಾಮಲ್ ತಂತಿಯಿರುತ್ತದೆ; ಅದಕ್ಕೆ ಎಣ್ಣೆಯಲ್ಲಿ ಮೆದುವಾಗದ, ಬೇಯಿಸುವ ವಾರ್ನಿಷೇ ಆಗಬೇಕು.

ತೆರೆದ ಬಾವಿಯ ಮೊನೊಬ್ಲಾಕ್, ತೇವದ ಶೆಡ್ಡಿನ ಮೋಟಾರುಗಳಿಗೆ ಎಪಾಕ್ಸಿ ಬೆರೆತ ಬೇಯಿಸುವ ವಾರ್ನಿಷಿನಲ್ಲಿ ಎರಡು ಸಲ ಅದ್ದಿ, ಮೇಲೆ ಕೆಂಪು ಎನಾಮಲ್ ಹಾಕಿಸುವುದನ್ನು ಸೂಚಿಸುತ್ತೇನೆ. ಗಿರಣಿ, ಲೇತ್‌ಗಳಿಗೆ ಪಾಲಿಯೆಸ್ಟರ್ ಅಥವಾ ಫಿನಾಲಿಕ್ ಬಗೆಯದು ಸಾಕು. ವೇಗವನ್ನು ಬದಲಿಸುವ ಡ್ರೈವಾದ ವಿಎಫ್‌ಡಿಯಿಂದ ಓಡುವ ಮೋಟಾರಿಗೆ ಮಾತ್ರ ಹೆಚ್ಚು ಖರ್ಚು ಮಾಡಲು ಹಿಂಜರಿಯಬಾರದು. ಡ್ರೈವ್ ಕೊಡುವ ವೋಲ್ಟೇಜು ಅತಿ ವೇಗದ ಏಟುಗಳಾಗಿ ಬರುತ್ತದೆ, ಅದರ ಬಹುಪಾಲು ಕಾಯಿಲಿನ ಮೊದಲ ಕೆಲವು ಸುತ್ತುಗಳ ಮೇಲೇ ಬೀಳುತ್ತದೆ, ಮತ್ತು ಸಡಿಲವಾಗಿ ತುಂಬಿದ ವೈಂಡಿಂಗಿನಲ್ಲಿ ಮೊದಲ ಸುತ್ತೂ ಕೊನೆಯ ಸುತ್ತೂ ಪಕ್ಕಪಕ್ಕದಲ್ಲೇ ಇರಬಹುದು. ಅವುಗಳ ನಡುವೆ ಉಳಿದ ಗಾಳಿಯ ಟೊಳ್ಳಿನಲ್ಲಿ ಸಣ್ಣ ಸಣ್ಣ ಡಿಸ್‌ಚಾರ್ಜ್ ಆಗುತ್ತಾ ಎನಾಮಲ್ಲನ್ನು ಕೊರೆಯುತ್ತದೆ. ಅಲ್ಲಿ ಡಬಲ್ ಕೋಟ್ ತಂತಿ, ಫೇಸುಗಳ ನಡುವೆ ಪೇಪರ್, ಥಿನ್ನರ್ ಇಲ್ಲದ ರೆಸಿನ್ ಮೂರೂ ಬೇಕು.

ಮೋಟಾರು ತರುವಾಗ

ನಿರೋಧಕದ ಸ್ಥಿತಿಯನ್ನು ಅಳೆಯುವ ಮೆಗ್ಗರಿನ ರೀಡಿಂಗನ್ನು ನಿಮ್ಮ ಎದುರಿಗೇ ತೋರಿಸಲು ಕೇಳಿ. 500 ವೋಲ್ಟಿನ ಮೆಗ್ಗರಿನಲ್ಲಿ, 40 ಡಿಗ್ರಿಯ ಲೆಕ್ಕಕ್ಕೆ, ಈ ಗಾತ್ರದ ವೈಂಡಿಂಗಿಗೆ 5 ಮೆಗಾಓಮ್ ಕನಿಷ್ಠ ಮಿತಿ. ಹೊಸದಾಗಿ ಸುತ್ತಿ ಸರಿಯಾಗಿ ಬೇಯಿಸಿದ್ದರಲ್ಲಿ ನೂರಾರು ಮೆಗಾಓಮ್ ಬರಬೇಕು. ಮೋಟಾರು ಬಿಸಿಯಿದ್ದಾಗ ಅಂಕಿ ಕಡಿಮೆಯಿರುತ್ತದೆ. ಹತ್ತು ಡಿಗ್ರಿಗೆ ಸುಮಾರು ಅರ್ಧದಂತೆ ಇಳಿಯುವುದರಿಂದ ಆರಿದ ಮೇಲೆ ಇನ್ನೊಮ್ಮೆ ನೋಡುವುದು ನ್ಯಾಯ. ಮೆಗ್ಗರ್ ಹೇಳುವುದು ವೈಂಡಿಂಗಿಗೂ ಬಾಡಿಗೂ ನಡುವಿನ ಸ್ಥಿತಿಯನ್ನು ಮಾತ್ರ. ಸುತ್ತು ಸುತ್ತುಗಳ ನಡುವಿನದು ವೋಲ್ಟೇಜಿನ ಏಟು ಕೊಟ್ಟು ನೋಡುವ ಸರ್ಜ್ ಟೆಸ್ಟಿನಿಂದಷ್ಟೇ ತಿಳಿಯುತ್ತದೆ. ಸ್ಲಾಟಿನ ಒಳಗೆ ವಾರ್ನಿಷ್ ಬೆಂದಿದೆಯೇ ಎಂಬುದನ್ನು ಈ ಎರಡೂ ಹೇಳುವುದಿಲ್ಲ. ಅದಕ್ಕೆ ಕವರ್ ಹಾಕುವ ಮೊದಲು ಹೋಗಿ, ಎರಡು ಕಾಯಿಲುಗಳ ನಡುವಿನ ಆಳದ ಸಂದಿಯಲ್ಲಿ ಒಣ ಬಿದಿರುಕಡ್ಡಿಯ ತುದಿಯನ್ನು ಮೆಲ್ಲಗೆ ಒತ್ತಿ ನೋಡಿ. ಕಡ್ಡಿ ಕಲ್ಲಿಗೆ ತಾಗಿದಂತೆ ನಿಂತರೆ ಮೋಟಾರನ್ನು ಮನೆಗೆ ತರಬಹುದು. ತುದಿಗೆ ಅಂಟು ಹತ್ತಿಕೊಂಡು ಬಂದರೆ ಇನ್ನೊಂದು ದಿನ ತಡವಾದರೂ ಸರಿ, ಮತ್ತೆ ಬೇಯಿಸಿಕೊಡಲು ಹೇಳಿ.